ಹಳೆಯ ತಾಂತ್ರಿಕ ನಕ್ಷೆಯ ಅಕ್ಷರಗಳನ್ನು ಪತ್ತೆಹಚ್ಚುವ ಬಗೆ

ಹಳೆಯ ಯಂತ್ರವೊಂದರ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಮರಳಿ ಬರೆಯಲು ಕುಳಿತವರಿಗೆ ಗೆರೆಗಳು ಅಷ್ಟೇನೂ ಕಾಡುವುದಿಲ್ಲ. ಕಾಡುವುದು ಅಕ್ಷರ. ಎಲ್ಲ ಅಳತೆಗಳೂ ಕರಾರುವಾಕ್ಕಾಗಿದ್ದು, ಅವುಗಳನ್ನು ಏರಿಯಲ್ ಫಾಂಟಿನಲ್ಲಿ ಬರೆದುಬಿಟ್ಟರೆ ನಕ್ಷೆ ಕಚೇರಿಯ ಸುತ್ತೋಲೆಯಂತೆ ಕಾಣತೊಡಗುತ್ತದೆ. ಲೋಹದ ನಾಮಫಲಕ, ಹಳೆಯ ಉಪಕರಣದ ಮುಖಫಲಕ, ಕ್ಯಾಮೆರಾ ಮಸೂರದ ಉಂಗುರ ಇವುಗಳನ್ನು ಮರುಸೃಷ್ಟಿಸುವವರ ಪಾಡೂ ಇದೇ. ಉದ್ದಕ್ಕೂ ಒಂದೇ ದಪ್ಪದ ಗೆರೆ, ಉರುಟಾದ ತುದಿಗಳು, ಸ್ವಲ್ಪ ಒರಟು, ಸ್ವಲ್ಪ ಮುದ್ದು. ಕಂಡ ತಕ್ಷಣ ಗುರುತು ಸಿಗುತ್ತದೆ, ಹೆಸರು ಮಾತ್ರ ಗೊತ್ತಿರುವುದಿಲ್ಲ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಚಿತ್ರವನ್ನು ಫಾಂಟ್ ಗುರುತಿಸುವ ಜಾಲತಾಣವೊಂದಕ್ಕೆ ಹಾಕುವುದು. ಅದು ನಗುನಗುತ್ತಾ ಹತ್ತಾರು ಹೆಸರು ಕೊಡುತ್ತದೆ, ಬಹುತೇಕ ಎಲ್ಲವೂ ತಪ್ಪು. ಆ ಸಾಧನಗಳ ಬಳಿ ಇರುವುದು ಮುದ್ರಣಕ್ಕೆಂದು ಮಾಡಿದ ಫಾಂಟುಗಳ ಸಂಗ್ರಹ. ನೀವು ಹುಡುಕುತ್ತಿರುವ ಅಕ್ಷರ ತನ್ನ ಕಾಲದಲ್ಲಿ ಫಾಂಟ್ ಆಗಿರಲೇ ಇಲ್ಲ. ಅದು ಒಂದು ಯಂತ್ರದ ಜೊತೆಗೆ, ಒಂದು ಬರೆಯುವ ಉಪಕರಣದ ಜೊತೆಗೆ, ಇಲ್ಲವೇ ಒಂದು ಮಾನಕದ ಪುಟಗಳಲ್ಲಿ ಬದುಕಿತ್ತು. ಆದ್ದರಿಂದ ಅಕ್ಷರದ ಹೆಸರನ್ನು ಹುಡುಕಬೇಡಿ, ಅದನ್ನು ಬರೆದ ಸಾಧನವನ್ನು ಹುಡುಕಿ. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಹೆಜ್ಜೆ 1: ಬರೆದದ್ದು ಯಾವುದರಿಂದ?

ಒಂದು ಭೂತಗನ್ನಡಿ ಹಿಡಿದುಕೊಂಡು ನಕ್ಷೆಯಲ್ಲಿ ಪದೇ ಪದೇ ಬರುವ ಅಕ್ಷರವೊಂದನ್ನು ಆರಿಸಿಕೊಳ್ಳಿ. ಇಂಗ್ಲಿಷಿನ ಆರ್, ಎಸ್ ಅಥವಾ ಅಂಕಿ 3 ಒಳ್ಳೆಯ ಆಯ್ಕೆ. ಅದೇ ಅಕ್ಷರದ ನಾಲ್ಕೈದು ಮಾದರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಒಂದರಂತೆ ಇನ್ನೊಂದು ಇಲ್ಲದಿದ್ದರೆ ಅದು ನಕ್ಷೆಗಾರನ ಕೈಬರಹ. ಅದಕ್ಕೆ ಫಾಂಟ್ ಹುಡುಕುವುದು ವ್ಯರ್ಥ, ನೇರವಾಗಿ ಕೊನೆಯ ಹೆಜ್ಜೆಗೆ ಹೋಗಿ.

ಅಕ್ಷರಗಳು ಒಂದೇ ತೆರನಾಗಿದ್ದು, ನಡುವಿನ ಅಂತರ ಮಾತ್ರ ಅಲ್ಲಲ್ಲಿ ಹೆಚ್ಚುಕಡಿಮೆಯಾಗಿದ್ದರೆ ಪಡಿಯಚ್ಚು ಬಳಸಿದ್ದಾರೆ ಎಂದರ್ಥ. ಇದರಲ್ಲಿ ಎರಡು ಬಗೆ. ಮೊದಲನೆಯದು ಕಂಡಿ ಕೊರೆದ ಸ್ಟೆನ್ಸಿಲ್. ಲೇಖನಿಯ ಮೊನೆ ನೇರವಾಗಿ ಕಂಡಿಯೊಳಗೆ ಓಡುತ್ತದೆ. ಕೆಲವು ಸ್ಟೆನ್ಸಿಲ್‌ಗಳಲ್ಲಿ ಒಂದು ಅಕ್ಷರವನ್ನು ಬಿಡಿಭಾಗಗಳಾಗಿ ಬರೆದು, ಪಟ್ಟಿಯನ್ನು ಸರಿಸಿ ಉಳಿದ ಭಾಗವನ್ನು ಜೋಡಿಸಬೇಕಿತ್ತು. ಆ ಜೋಡಣೆ ಕೂದಲೆಳೆಯಷ್ಟು ತಪ್ಪಿದ್ದರೂ ಭೂತಗನ್ನಡಿಯಲ್ಲಿ ಕಾಣುತ್ತದೆ. ಎರಡನೆಯದು ತೋಡು ಕೊರೆದ ಪಟ್ಟಿ ಮತ್ತು ಮೂರು ಕಾಲಿನ ಚಿಕ್ಕ ಸಾಧನ. ಒಂದು ಮೊನೆ ಪಟ್ಟಿಯ ತಳದ ನೇರ ತೋಡಿನಲ್ಲಿ ಜಾರುತ್ತದೆ, ಇನ್ನೊಂದು ಅಕ್ಷರದ ತೋಡನ್ನು ಅನುಸರಿಸುತ್ತದೆ, ಮೂರನೆಯ ಕಾಲಿನಲ್ಲಿರುವ ಮಸಿಯ ಕೊಳವೆ ಪಟ್ಟಿಯ ಹೊರಗೆ ಕಾಗದದ ಮೇಲೆ ಬರೆಯುತ್ತದೆ. ಇಲ್ಲಿ ಜೋಡಣೆಯ ಗುರುತೇ ಇರುವುದಿಲ್ಲ. ಅಮೆರಿಕದ ಕಾಯ್ಫಲ್ ಅಂಡ್ ಎಸ್ಸರ್ ಕಂಪನಿಯ ಲೀರಾಯ್ ಸೆಟ್ ಈ ಬಗೆಯ ಸಾಧನಗಳಲ್ಲಿ ಹೆಸರುವಾಸಿ. 1950ರ ದಶಕದ ಇಸಿ ಕಾಮಿಕ್ಸ್‌ನ ಭಯಾನಕ ಕಥೆಗಳ ಮಾತಿನ ಗುಳ್ಳೆಗಳನ್ನು ಬರೆದದ್ದೂ ಇದೇ ಸೆಟ್‌ನಿಂದ. ಪ್ರೇತಗಳು ಎಂಜಿನಿಯರುಗಳ ಅಕ್ಷರದಲ್ಲಿ ಮಾತನಾಡುತ್ತಿದ್ದವು.

ಲೋಹ ಅಥವಾ ಪ್ಲಾಸ್ಟಿಕ್ ಫಲಕದ ಮೇಲಿನ ಅಕ್ಷರವಾದರೆ ಕೊರೆದದ್ದು ಪ್ಯಾಂಟೋಗ್ರಾಫ್ ಯಂತ್ರ. ಹಿತ್ತಾಳೆಯ ಮಾದರಿ ಅಕ್ಷರಗಳನ್ನು ಒಂದು ಹಳಿಯಲ್ಲಿ ಸಾಲಾಗಿ ಜೋಡಿಸಿ, ಅವುಗಳ ತೋಡಿನಲ್ಲಿ ಮೊನೆಯೊಂದನ್ನು ಓಡಿಸಿದರೆ, ಸನ್ನೆಗೋಲುಗಳ ಇನ್ನೊಂದು ತುದಿಯಲ್ಲಿ ತಿರುಗುವ ಕೊರೆಯುಳಿ ಅದನ್ನೇ ಚಿಕ್ಕದಾಗಿ ಕೊರೆಯುತ್ತದೆ. ಈ ಕೊರೆಯುಳಿ ಮೊನೆಯತ್ತ ಸಣ್ಣಗಾಗುವುದರಿಂದ ಆಳ ಹೆಚ್ಚಿದಷ್ಟೂ ಗೆರೆ ಅಗಲವಾಗುತ್ತದೆ. ಸಾಲಿನ ಎಡತುದಿಯಿಂದ ಬಲತುದಿಗೆ ಹೋದಂತೆ ಅಕ್ಷರಗಳು ದಪ್ಪವಾಗುತ್ತಿದ್ದರೆ ಅದು ವಿನ್ಯಾಸವಲ್ಲ, ಫಲಕ ಸಮತಟ್ಟಾಗಿ ಕೂತಿರಲಿಲ್ಲ ಅಷ್ಟೇ.

ಇನ್ನು ಎರಡು ಸಾಧ್ಯತೆಗಳಿವೆ. ಅಕ್ಷರದ ಅಂಚು ಅಲ್ಲಲ್ಲಿ ಬಿರುಕುಬಿಟ್ಟು ಸಿಪ್ಪೆಯೆದ್ದಿದ್ದರೆ ಅದು 1960ರ ದಶಕದಿಂದೀಚಿನ ಉಜ್ಜಿ ಅಂಟಿಸುವ ಅಕ್ಷರ. ಅದು ನಿಜವಾದ ಮುದ್ರಣ ವಿನ್ಯಾಸವೇ ಆದ್ದರಿಂದ ಆಗ ಮಾತ್ರ ಫಾಂಟ್ ಗುರುತಿಸುವ ಜಾಲತಾಣ ಉಪಯೋಗಕ್ಕೆ ಬರುತ್ತದೆ. ಬಳುಕುಗಳು ನಿಜವಾದ ಬಳುಕಾಗಿರದೆ ಚಿಕ್ಕಚಿಕ್ಕ ನೇರ ಗೆರೆಗಳ ಸರಪಳಿಯಾಗಿದ್ದರೆ ಅದನ್ನು ಬರೆದದ್ದು ಪ್ಲಾಟರ್, ಅಂದರೆ ಕಂಪ್ಯೂಟರಿನ ಆಜ್ಞೆಯಂತೆ ಲೇಖನಿ ಓಡಿಸುವ ಯಂತ್ರ. ಆಗ ಹುಡುಕಾಟ ಹರ್ಷೀ ಅಕ್ಷರಗಳ ಕಡೆಗೆ ತಿರುಗಬೇಕು. ಅಮೆರಿಕದ ಡಾಲ್‌ಗ್ರೆನ್‌ನಲ್ಲಿದ್ದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ಅಲೆನ್ ಹರ್ಷೀ ಎಂಬ ವಿಜ್ಞಾನಿ ರೂಪಿಸಿ 1967ರಲ್ಲಿ ಪ್ರಕಟಿಸಿದ ಈ ಅಕ್ಷರಗಳು ಇಂದಿಗೂ ಬಳಕೆಯಲ್ಲಿವೆ.

ಹೆಜ್ಜೆ 2: ಅಳೆಯಿರಿ

ಮೊಬೈಲ್ ಚಿತ್ರ ಸಾಲದು. ಓರೆಯಾಗಿ ಹಿಡಿದ ಕ್ಯಾಮೆರಾ ಅಕ್ಷರದ ಅಗಲ ಮತ್ತು ಎತ್ತರದ ನಂಟನ್ನೇ ಕೆಡಿಸುತ್ತದೆ. ಚಪ್ಪಟೆ ಸ್ಕ್ಯಾನರಿನಲ್ಲಿ, ಇಂಚಿಗೆ 600 ಚುಕ್ಕಿಗಳ ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿ. ಪಕ್ಕದಲ್ಲಿ ಒಂದು ಉಕ್ಕಿನ ಅಳತೆಪಟ್ಟಿಯನ್ನೂ ಇಡಿ. ಫಲಕವನ್ನು ಸ್ಕ್ಯಾನರಿಗೆ ಹಾಕಲಾಗದಿದ್ದರೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರತಿ ತೆಗೆದುಕೊಳ್ಳಿ. ಈ ಹಳೆಯ ಉಪಾಯ ಚಿತ್ರಕ್ಕಿಂತ ನಂಬಿಕಸ್ಥ.

ಈಗ ದೊಡ್ಡಕ್ಷರದ ಎತ್ತರ ಅಳೆಯಿರಿ. ಲೀರಾಯ್ ಪಟ್ಟಿಗಳ ಸಂಖ್ಯೆಯೇ ಅಕ್ಷರದ ಎತ್ತರ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ. 100 ಎಂದರೆ 0.100 ಇಂಚು, 175 ಎಂದರೆ 0.175 ಇಂಚು. ಮಿಲಿಮೀಟರ್ ಲೋಕದಲ್ಲಿ ನಕ್ಷೆಯ ಅಕ್ಷರಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 3098ರ ಎತ್ತರಗಳು 2.5, 3.5, 5, 7, 10 ಹೀಗೆ ಏರುತ್ತವೆ. ಇವೆರಡರಲ್ಲಿ ಯಾವುದೆಂದು ಎತ್ತರ ನೋಡಿ ತಕ್ಷಣ ಹೇಳಬಹುದೆಂದು ತೋರುತ್ತದೆ, ಆದರೆ ಇಲ್ಲೊಂದು ಗುಂಡಿ ಇದೆ. ಲೀರಾಯ್ 100 ಎಂದರೆ 2.54 ಮಿಲಿಮೀಟರ್, 140 ಎಂದರೆ 3.56, 200 ಎಂದರೆ 5.08. ಐಎಸ್ಒ ಎತ್ತರಗಳಾದ 2.5, 3.5, 5ಕ್ಕೂ ಇವಕ್ಕೂ ಇರುವ ವ್ಯತ್ಯಾಸ ಸ್ಕ್ಯಾನಿನಲ್ಲಿ ಒಂದೆರಡು ಚುಕ್ಕಿ ಮಾತ್ರ. ಕಾಗದ ಹಿಗ್ಗಿ ಕುಗ್ಗುವ ಲೆಕ್ಕದಲ್ಲಿ ಅದು ಕರಗಿಹೋಗುತ್ತದೆ. ಹಾಗಾಗಿ ಈ ಮೂರು ಎತ್ತರಗಳಿಂದ ಏನನ್ನೂ ತೀರ್ಮಾನಿಸಬೇಡಿ. ನಕ್ಷೆಯ ವಿವರಗಳನ್ನು ಬರೆದಿರುವ ಶೀರ್ಷಿಕೆ ಚೌಕದಲ್ಲಿ, ಭಾಗಗಳ ಪಟ್ಟಿಯಲ್ಲಿ ಬೇರೆ ಎತ್ತರದ ಅಕ್ಷರಗಳು ಇದ್ದೇ ಇರುತ್ತವೆ, ಅವನ್ನು ಅಳೆಯಿರಿ. 3.05, 4.45 ಅಥವಾ 6.1 ಮಿಲಿಮೀಟರ್ ಬಂದರೆ ಅದು ಲೀರಾಯ್‌ನ 120, 175, 240. ಐಎಸ್ಒ ಸಾಲಿನಲ್ಲಿ ಅವಕ್ಕೆ ಜಾಗವೇ ಇಲ್ಲ. ಎತ್ತರ ಯಾವುದಕ್ಕೂ ಹೊಂದದಿದ್ದರೆ ಒಂದು ಗೆರೆಯ ದಪ್ಪವನ್ನು ಕಳೆದು, ಅಂದರೆ ನಡುಗೆರೆಯಿಂದ ನಡುಗೆರೆಗೆ ಅಳೆದು ನೋಡಿ.

ಪ್ರತಿಯ ಅಳತೆ ಮೂಲದ್ದೇ ಎಂಬ ಖಾತ್ರಿ ಇಲ್ಲದಿದ್ದರೆ? ಹಳೆಯ ನಕ್ಷೆಗಳು ಮೈಕ್ರೋಫಿಲ್ಮ್‌ಗೆ ಹೋಗಿ ಮರಳಿ ಬಂದಿರುತ್ತವೆ, ಅರ್ಧಕ್ಕೆ ಕುಗ್ಗಿರುತ್ತವೆ. ಆಗ ಎತ್ತರ ನಂಬಲು ಯೋಗ್ಯವಲ್ಲ. ಆದರೆ ಗೆರೆಯ ದಪ್ಪಕ್ಕೂ ಅಕ್ಷರದ ಎತ್ತರಕ್ಕೂ ಇರುವ ಅನುಪಾತ ಎಷ್ಟು ಕುಗ್ಗಿಸಿದರೂ ಬದಲಾಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಪತ್ತೇದಾರಿಕೆಯಲ್ಲಿ ಇದಕ್ಕಿಂತ ಬೆಲೆಬಾಳುವ ಸುಳಿವು ಇನ್ನೊಂದಿಲ್ಲ. ಐಎಸ್ಒ 3098ರ ಎ ಮಾದರಿಯಲ್ಲಿ ದಪ್ಪವು ಎತ್ತರದ ಹದಿನಾಲ್ಕರಲ್ಲಿ ಒಂದು ಭಾಗ, ಬಿ ಮಾದರಿಯಲ್ಲಿ ಹತ್ತರಲ್ಲಿ ಒಂದು ಭಾಗ. 3.5 ಮಿಲಿಮೀಟರ್ ಅಕ್ಷರಕ್ಕೆ ಬಿ ಮಾದರಿಯಲ್ಲಿ 0.35ರ ಲೇಖನಿ, ಎ ಮಾದರಿಯಲ್ಲಿ 0.25ರ ಲೇಖನಿ. ಎಲ್ಲ ಗಾತ್ರಗಳಲ್ಲೂ ಈ ಅನುಪಾತ ಹಾಗೇ ಉಳಿದಿದ್ದರೆ ನಿಮ್ಮ ಮುಂದಿರುವುದು ಮಾನಕದ ಸಂತಾನ. ಚಿಕ್ಕ ಅಕ್ಷರಕ್ಕೂ ದೊಡ್ಡ ಅಕ್ಷರಕ್ಕೂ ಗೆರೆ ಒಂದೇ ದಪ್ಪವಿದ್ದರೆ ಅದು ಕೊರೆಯುವ ಯಂತ್ರದ ಗುರುತು. ಒಂದೇ ಕೊರೆಯುಳಿಯಲ್ಲಿ ಇಡೀ ಫಲಕ ಮುಗಿಸುವುದು ಕೊರೆಯುವವನಿಗೆ ಸುಲಭ.

ಐಎಸ್ಒ ಎತ್ತರಗಳು ಏರುವುದು ಎರಡರ ವರ್ಗಮೂಲದ ಲೆಕ್ಕದಲ್ಲಿ, ಎ1, ಎ2, ಎ3 ಕಾಗದಗಳೂ ಹಾಗೆಯೇ. ಎ1 ಹಾಳೆಯನ್ನು ಎ2ಕ್ಕೆ ಕುಗ್ಗಿಸಿದರೆ 7 ಮಿಲಿಮೀಟರ್ ಅಕ್ಷರ 5 ಆಗುತ್ತದೆ, 0.7ರ ಗೆರೆ 0.5 ಆಗುತ್ತದೆ. ಎರಡೂ ಮಾನಕದ ಅಳತೆಗಳೇ. ಹೀಗಾಗಿ ಕುಗ್ಗಿಸಿದ ಪ್ರತಿಯ ಮೇಲೆ ಅದೇ ಸೆಟ್‌ನ ಲೇಖನಿಯಿಂದ ತಿದ್ದುಪಡಿ ಬರೆಯಬಹುದಿತ್ತು. ವ್ಯವಸ್ಥೆ ಮಾಡಿದವರ ಬುದ್ಧಿವಂತಿಕೆಗೆ ತಲೆದೂಗಬೇಕು, ಆದರೆ ಕುಗ್ಗಿಸಿದ ಪ್ರತಿಯೋ ಮೂಲವೋ ಎಂದು ಅಕ್ಷರದಿಂದ ಮಾತ್ರ ಹೇಳಲಾಗದಂತೆ ಮಾಡಿದವರೂ ಅವರೇ.

ಓರೆ ಅಕ್ಷರಗಳಿದ್ದರೆ ಕೋನವನ್ನೂ ಅಳೆಯಿರಿ. ಐಎಸ್ಒ ಮತ್ತು ರಷ್ಯಾದ ಗೋಸ್ಟ್ 2.304 ಮಾನಕಗಳಲ್ಲಿ ಓರೆ ಅಕ್ಷರ ತಳಗೆರೆಯೊಂದಿಗೆ 75 ಡಿಗ್ರಿಯಲ್ಲಿ ನಿಲ್ಲುತ್ತದೆ, ಹಳೆಯ ಅಮೆರಿಕನ್ ರೂಢಿಯಲ್ಲಿ ಸುಮಾರು 68 ಡಿಗ್ರಿಯಲ್ಲಿ. ಲೀರಾಯ್‌ನಲ್ಲಿ ಓರೆಗೆ ಬೇರೆ ಪಟ್ಟಿ ಬೇಕಿರಲಿಲ್ಲ, ಬರೆಯುವ ಸಾಧನದ ತೋಳನ್ನು ತಿರುಗಿಸಿದರೆ ನೇರ ಪಟ್ಟಿಯಿಂದಲೇ ಓರೆ ಅಕ್ಷರ ಬರುತ್ತಿತ್ತು.

ಹೆಜ್ಜೆ 3: ಗುಟ್ಟು ಬಿಟ್ಟುಕೊಡುವ ಅಕ್ಷರಗಳು

ಐ, ಎಲ್, ಟಿ, ಎಚ್ ನೋಡಿ ಪ್ರಯೋಜನವಿಲ್ಲ, ಎಲ್ಲ ಕಡೆಯೂ ಅವು ಒಂದೇ. ಜಿಯ ಅಡ್ಡಗೆರೆ ಒಳಗೆ ಎಷ್ಟು ಚಾಚಿದೆ, ಕೆಳಗೆ ಕಾಲು ಇದೆಯೇ? ಆರ್‌ನ ಕಾಲು ನೇರವೇ ಬಾಗಿದೆಯೇ, ಹೊಟ್ಟೆಯ ಯಾವ ಜಾಗದಿಂದ ಹೊರಡುತ್ತದೆ? ಕ್ಯೂನ ಬಾಲ ಒಳಹೊಕ್ಕಿದೆಯೇ? ಎಂನ ನಡುಮೊನೆ ತಳಗೆರೆಯನ್ನು ಮುಟ್ಟುತ್ತದೆಯೇ, ಅರ್ಧಕ್ಕೇ ನಿಲ್ಲುತ್ತದೆಯೇ? ಅಂಕಿಗಳು ಇನ್ನೂ ಹೆಚ್ಚು ಹೇಳುತ್ತವೆ: 3ರ ತಲೆ ಚಪ್ಪಟೆಯೇ ದುಂಡೇ, 4ರ ತಲೆ ತೆರೆದಿದೆಯೇ ಮುಚ್ಚಿದೆಯೇ, 6 ಮತ್ತು 9 ಒಂದನ್ನೊಂದು ತಲೆಕೆಳಗು ಮಾಡಿದ ಹಾಗಿವೆಯೇ, 1ಕ್ಕೆ ಕೊಕ್ಕು ಇದೆಯೇ, 7ಕ್ಕೆ ಅಡ್ಡಗೆರೆ ಇದೆಯೇ. ಸೊನ್ನೆಗೂ ಓ ಅಕ್ಷರಕ್ಕೂ ಭೇದ ಮಾಡಿದ್ದಾರೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ನಕ್ಷೆಯಲ್ಲಿ ಅಂಕಿಗಳೇ ಹೆಚ್ಚಿರುವುದರಿಂದ ಇವು ನಿಮಗೆ ಧಾರಾಳವಾಗಿ ಸಿಗುತ್ತವೆ.

ಸಿಕ್ಕಿದ ಪ್ರತಿ ಅಕ್ಷರದ ಸ್ಪಷ್ಟ ಮಾದರಿಯನ್ನು ಕತ್ತರಿಸಿ, ಒಂದೇ ಎತ್ತರಕ್ಕೆ ತಂದು, ಒಂದು ಹಾಳೆಯಲ್ಲಿ ಸಾಲಾಗಿ ಜೋಡಿಸಿ. ಮುಂದಿನ ಹುಡುಕಾಟದಲ್ಲಿ ಹೋಲಿಸಬೇಕಾದದ್ದು ಈ ಹಾಳೆಯನ್ನು, ಇಡೀ ನಕ್ಷೆಯನ್ನಲ್ಲ.

ಹೆಜ್ಜೆ 4: ಸಾಧನದ ಊರು ಹಿಡಿಯಿರಿ

ಶೀರ್ಷಿಕೆ ಚೌಕದಲ್ಲಿ ಕಂಪನಿ, ವರ್ಷ, ಅಳತೆಯ ಮಾನ ಇರುತ್ತವೆ. ಎಷ್ಟೋ ಸಲ ಅನುಸರಿಸಿದ ಮಾನಕದ ಸಂಖ್ಯೆಯೂ ಇರುತ್ತದೆ. ಬ್ರಿಟಿಷ್ ನಕ್ಷೆಯಲ್ಲಿ ಬಿಎಸ್ 308, ಜರ್ಮನ್ ನಕ್ಷೆಯಲ್ಲಿ ಡಿಐಎನ್ 16, 17 ಅಥವಾ 6776, ಸೋವಿಯತ್ ನಕ್ಷೆಯಲ್ಲಿ ಗೋಸ್ಟ್ 2.304. ಇಂಥ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಒಂದು ಎಚ್ಚರಿಕೆ: ಡಿಐಎನ್ ಎಂಬ ಹೆಸರಿಗೆ ಮರುಳಾಗಿ 1995ರ ಎಫ್ಎಫ್ ಡಿಐಎನ್ ಫಾಂಟನ್ನು ಕೊಳ್ಳಬೇಡಿ. ಅದರ ಮೂಲ ಡಿಐಎನ್ 1451 ಎಂಬ ಫಲಕ, ಸೂಚನೆಗಳ ಅಕ್ಷರ. ನಕ್ಷೆಯ ಅಕ್ಷರ ಅದಲ್ಲ.

ಕೊರೆದ ಅಕ್ಷರವಾದರೆ ಮೊದಲು ನೋಡಬೇಕಾದ ಹೆಸರು ಗೋರ್ಟನ್. ಇದರ ಬೇರು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದೆ. 1886ರಲ್ಲಿ ಅಲ್ಲಿ ಹುಟ್ಟಿದ ಟೇಲರ್, ಟೇಲರ್ ಅಂಡ್ ಹಾಬ್ಸನ್ ಸಂಸ್ಥೆ ಮಸೂರಗಳನ್ನು ಮಾಡುತ್ತಿತ್ತು. ಮಸೂರದ ಲೋಹದ ಉಂಗುರಗಳ ಮೇಲೆ ಅಂಕಿ ಅಕ್ಷರಗಳನ್ನು ಕೊರೆಯಲು ತಾನೇ ಯಂತ್ರ ಮಾಡಿಕೊಂಡು, ಮುಂದೆ ಆ ಯಂತ್ರವನ್ನೂ ಮಾರತೊಡಗಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್‌ನಲ್ಲಿದ್ದ ಜಾರ್ಜ್ ಗೋರ್ಟನ್ ಕಂಪನಿಯ ಪ್ಯಾಂಟೋಗ್ರಾಫ್‌ಗಳ ಜೊತೆಗೆ ಈ ಅಕ್ಷರದ ವಂಶ ಬೆಳೆಯಿತು. ಸಾಧಾರಣ, ಕಿರಿದು, ಅಗಲ ಎಂಬ ಕವಲುಗಳೂ ಆದವು. ಅಪೊಲೊ ನೌಕೆಯ ಕಂಪ್ಯೂಟರ್ ಕೀಲಿಗಳಿಂದ ಹಿಡಿದು ಇಂದಿನ ಕೆಲವು ಕೀಲಿಮಣೆಗಳವರೆಗೆ ಅದು ಹಬ್ಬಿದೆ. ಮೇಲೆ ಹೇಳಿದ ಲೀರಾಯ್ ಅಕ್ಷರವೂ ಇದರ ಹತ್ತಿರದ ಬಂಧು. ಗೋರ್ಟನ್‌ಗೆ ಹೊಂದದಿದ್ದರೆ ಜರ್ಮನಿಯ ಮ್ಯೂನಿಕ್‌ನ ಡೆಕೆಲ್ ಪ್ಯಾಂಟೋಗ್ರಾಫ್‌ಗಳ ಕಡೆ ನೋಡಿ. ಕಾಗದದ ಮೇಲಿನ ಅಕ್ಷರವಾದರೆ ವ್ರೈಕೊ, ರಾಟ್ರಿಂಗ್, ಸ್ಟೆಡ್ಲರ್, ಸ್ಟ್ಯಾಂಡರ್ಡ್‌ಗ್ರಾಫ್, ಯೂನೊ ಇವುಗಳ ಸ್ಟೆನ್ಸಿಲ್‌ಗಳು.

ಹುಡುಕುವುದು ಎಲ್ಲಿ? ಫಾಂಟ್ ಅಂಗಡಿಗಳಲ್ಲಂತೂ ಅಲ್ಲ. ಹಳೆಯ ಮಾರಾಟ ಪಟ್ಟಿಗಳಲ್ಲಿ ಪ್ರತಿ ಪಡಿಯಚ್ಚಿನ ಪೂರ್ಣ ಅಕ್ಷರಮಾಲೆಯನ್ನು ನಿಜಗಾತ್ರದಲ್ಲಿ ಅಚ್ಚು ಹಾಕುತ್ತಿದ್ದುದುಂಟು. ಇಂಟರ್ನೆಟ್ ಆರ್ಕೈವ್‌ನಲ್ಲಿ ಕಂಪನಿಯ ಹೆಸರು ಹಾಕಿ ಇಂಥ ಪಟ್ಟಿಗಳನ್ನೂ ಯಂತ್ರದ ಕೈಪಿಡಿಗಳನ್ನೂ ಹುಡುಕಿ. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯದ ಆನ್‌ಲೈನ್ ಸಂಗ್ರಹದಲ್ಲಿ ನಕ್ಷೆ ಉಪಕರಣಗಳ ಚಿತ್ರಗಳಿವೆ. ಹಿತ್ತಾಳೆ ಅಕ್ಷರಗಳ ಪೆಟ್ಟಿಗೆಗಳನ್ನು ಹರಾಜಿಗಿಟ್ಟವರು ಹಾಕುವ ಚಿತ್ರಗಳೂ ಚಿನ್ನದಂಥವು, ಕೊಳ್ಳದೆಯೇ ಇಡೀ ಅಕ್ಷರಮಾಲೆ ನೋಡಲು ಸಿಗುತ್ತದೆ. ಆದರೆ ಹಿತ್ತಾಳೆಯಲ್ಲಿ ಕಾಣುವುದು ಮೊನೆ ಓಡುವ ತೋಡಿನ ಅಗಲ, ಕೊರೆದ ಗೆರೆಯ ದಪ್ಪವಲ್ಲ ಎಂಬುದು ನೆನಪಿರಲಿ.

ಹೆಜ್ಜೆ 5: ಡಿಜಿಟಲ್ ರೂಪ

ಗೋರ್ಟನ್ ವಂಶಕ್ಕೆ ಓಪನ್ ಗೋರ್ಟನ್ ಎಂಬ ಫಾಂಟ್ ಇದೆ. ಲೀರಾಯ್ ಬಗೆಗೆ ರೌಟೆಡ್ ಗಾಥಿಕ್ ಇದೆ, ಮುಕ್ತ ಪರವಾನಗಿಯದು. ನಕ್ಷೆಗೆ ನನ್ನ ಮೊದಲ ಆಯ್ಕೆ ಇದೇ. ಐಎಸ್ಒ ಅಕ್ಷರಕ್ಕೆ ಓಸಿಫಾಂಟ್ ಇದೆ, ಫ್ರೀಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶದ ನಕ್ಷೆ ವಿಭಾಗದ ಜೊತೆಗೇ ಬರುತ್ತದೆ. ಆಟೋಕ್ಯಾಡ್ ಇರುವವರಿಗೆ ಐಸೋಸಿಪಿಇಯುಆರ್ ಸಿಗುತ್ತದೆ.

ಇಳಿಸಿಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರಿಸಿಕೊಳ್ಳಿ: ಅಕ್ಷರವನ್ನು ಅಚ್ಚು ಹಾಕುತ್ತೀರೋ, ಕೊರೆಯುತ್ತೀರೋ? ಸಾಮಾನ್ಯ ಫಾಂಟಿನಲ್ಲಿ ಅಕ್ಷರವೆಂದರೆ ಸುತ್ತಂಚಿನ ಮುಚ್ಚಿದ ಗೆರೆ. ಮುದ್ರಣಕ್ಕೆ, ಪರದೆಗೆ ಅದು ಸರಿ. ಅದನ್ನೇ ಕೊರೆಯುವ ಯಂತ್ರಕ್ಕೆ ಅಥವಾ ಪ್ಲಾಟರಿಗೆ ಕೊಟ್ಟರೆ ಪ್ರತಿ ಕಡ್ಡಿಯ ಎರಡೂ ಅಂಚನ್ನು ಸುತ್ತಿ ಬಂದು ಟೊಳ್ಳು ಅಕ್ಷರ ಬರೆಯುತ್ತದೆ. ಕೊರೆಯಲು ಬೇಕಾದದ್ದು ನಡುಗೆರೆ ಮಾತ್ರ ಇರುವ ಒಂಟಿಗೆರೆ ಅಕ್ಷರ. ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನ ಹರ್ಷೀ ಪಠ್ಯ ವಿಸ್ತರಣೆ ಮತ್ತು ಆಟೋಕ್ಯಾಡ್‌ನ ಎಸ್ಎಚ್ಎಕ್ಸ್ ಕಡತಗಳು ಈ ಕೆಲಸ ಮಾಡುತ್ತವೆ.

ವ್ಯಾಸ, ಡಿಗ್ರಿ, ಕೂಡು-ಕಳೆ, ಭಿನ್ನರಾಶಿ ಚಿಹ್ನೆಗಳು ಫಾಂಟಿನಲ್ಲಿವೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ತಂತ್ರಾಂಶ ಸದ್ದಿಲ್ಲದೆ ಬೇರೆ ಫಾಂಟಿನಿಂದ ಎರವಲು ತರುತ್ತದೆ, ನೂರು ಅಳತೆಗಳ ನಡುವೆ ಅದು ಮುದ್ರಣವಾಗುವವರೆಗೂ ಕಣ್ಣಿಗೆ ಬೀಳುವುದಿಲ್ಲ.

ಹೆಜ್ಜೆ 6: ಮೇಲಿಟ್ಟು ನೋಡಿ

ಸ್ಕ್ಯಾನಿನ ಮೇಲೆ ಅದೇ ಪದವನ್ನು ಆಯ್ದ ಫಾಂಟಿನಲ್ಲಿ, ಬೇರೆ ಬಣ್ಣದಲ್ಲಿ, ಅರೆಪಾರದರ್ಶಕವಾಗಿ ಇಡಿ. ಎತ್ತರ ಹೊಂದಿಸಿ, ಅಕ್ಷರಗಳನ್ನು ಒಂದೊಂದಾಗಿ ಸರಿಸಿ ಕೂರಿಸಿ. ಪದದ ಒಟ್ಟು ಉದ್ದ ಹೊಂದಲಿಲ್ಲವೆಂದು ಫಾಂಟನ್ನು ತಳ್ಳಿಹಾಕಬೇಡಿ. ಲೀರಾಯ್‌ನಲ್ಲಿ ಪಟ್ಟಿಯನ್ನು ಸರಿಸುತ್ತಿದ್ದದ್ದು ನಕ್ಷೆಗಾರ, ಅಂತರ ಅವನ ಕಣ್ಣಳತೆ. ಪ್ಯಾಂಟೋಗ್ರಾಫ್‌ನಲ್ಲಿ ಹಿತ್ತಾಳೆ ತುಂಡುಗಳ ಅಗಲವೇ ಬಹುಮಟ್ಟಿಗೆ ಅಂತರವನ್ನು ನಿರ್ಧರಿಸುತ್ತಿತ್ತು, ಆದ್ದರಿಂದಲೇ ಎ ಮತ್ತು ವಿ ಅಕ್ಕಪಕ್ಕ ಬಂದಾಗ ನಡುವೆ ಅಷ್ಟೊಂದು ಬಯಲು. ಕಂಪ್ಯೂಟರ್ ಮಾಡುವ ನಾಜೂಕು ಅಂತರ ಹೊಂದಾಣಿಕೆಯನ್ನು ನಿಲ್ಲಿಸಿಬಿಟ್ಟರೆ ಹಳೆಯ ಕಳೆ ಅರ್ಧದಷ್ಟು ತಾನಾಗಿಯೇ ಬರುತ್ತದೆ.

ದಪ್ಪದ ವಿಷಯದಲ್ಲೂ ಹುಷಾರು. ಫಾಂಟಿನ ಗಾತ್ರ ಇಮ್ಮಡಿಸಿದರೆ ಗೆರೆಯೂ ಇಮ್ಮಡಿಸುತ್ತದೆ, ಒಂದೇ ಕೊರೆಯುಳಿಯ ಫಲಕದಲ್ಲಿ ಹಾಗಿರುವುದಿಲ್ಲ. ದೊಡ್ಡ ಸಾಲುಗಳಿಗೆ ಒಂಟಿಗೆರೆ ರೂಪ ತೆಗೆದುಕೊಂಡು ಅಳೆದ ದಪ್ಪವನ್ನು ನೀವೇ ಕೊಡಿ.

ಹೆಜ್ಜೆ 7: ಯಾವುದೂ ಹೊಂದದಿದ್ದರೆ

ನೀವೇ ಬರೆದುಕೊಳ್ಳಿ. ಅಲಂಕಾರದ ಅಕ್ಷರಗಳಿಗೆ ಈ ಸಲಹೆ ಕೊಡುವ ಧೈರ್ಯ ನನಗಿಲ್ಲ, ಆದರೆ ಈ ಅಕ್ಷರಗಳು ನೇರಗೆರೆ ಮತ್ತು ವೃತ್ತದ ತುಣುಕುಗಳಿಂದ ಆದವು. ಮೂರನೆಯ ಹೆಜ್ಜೆಯ ಹಾಳೆಯನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದು, ಪ್ರತಿ ಅಕ್ಷರದ ನಡುಗೆರೆಯನ್ನು ಎಳೆಯಿರಿ. ತುದಿ ಮತ್ತು ಮೂಲೆ ಎರಡನ್ನೂ ಉರುಟಾಗಿಸಿ, ಅಳೆದ ದಪ್ಪ ಕೊಡಿ. ಸ್ಕ್ಯಾನಿನ ಅಂಚನ್ನು ತಾನಾಗಿ ಹಿಂಬಾಲಿಸುವ ಸೌಲಭ್ಯವನ್ನು ಮುಟ್ಟಬೇಡಿ, ಅದು ಮಸಿ ಹರಡಿದ್ದನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ.

ನಕ್ಷೆಯಲ್ಲಿ ಇಲ್ಲದ ಅಕ್ಷರಗಳನ್ನು ಇರುವುದರಿಂದ ಕಟ್ಟಿಕೊಳ್ಳಬಹುದು. ಓ ಇದ್ದರೆ ಸಿ, ಜಿ, ಕ್ಯೂ ಹತ್ತಿರದಲ್ಲೇ ಇವೆ, ಪಿ ಇದ್ದರೆ ಆರ್ ಮತ್ತು ಬಿ. ಎಸ್ ಮಾತ್ರ ಯಾರಿಗೂ ಬಗ್ಗುವುದಿಲ್ಲ, ಒಂದು ಒಳ್ಳೆಯ ಮಾದರಿ ಸಿಗುವವರೆಗೆ ಅದನ್ನು ಬಾಕಿ ಇಡಿ. ನಡುಗೆರೆಗಳನ್ನು ಫಾಂಟ್ ತಯಾರಿಸುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ಗೆ ತಂದು, ಗೆರೆಯನ್ನು ಹಿಗ್ಗಿಸುವ ಆಜ್ಞೆಯಿಂದ ಸುತ್ತಂಚು ಪಡೆದುಕೊಳ್ಳಿ. ಹಿಗ್ಗಿಸುವ ಮುಂಚಿನ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿ. ಮುಂದೆ ಬೇರೆ ದಪ್ಪ ಬೇಕಾದಾಗ, ಕೊರೆಯುವ ಯಂತ್ರಕ್ಕೆ ಕೊಡಬೇಕಾದಾಗ ಬೇಕಾಗುವುದು ಅದೇ.

ಇತರರಿಗೆ ಹಂಚುವುದಾದರೆ ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಅಮೆರಿಕದಲ್ಲಿ ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯವಿಲ್ಲ, ಫಾಂಟ್ ಕಡತಕ್ಕೆ ತಂತ್ರಾಂಶವೆಂಬ ನೆಲೆಯಲ್ಲಿ ರಕ್ಷಣೆ ಇದೆ. ಬೇರೆ ದೇಶಗಳ ನಿಯಮಗಳು ಬೇರೆ. ಹಳೆಯ ಕಾಗದದಿಂದ ನೀವೇ ಎಳೆದ ನಡುಗೆರೆಗೂ ಇನ್ನೊಬ್ಬರ ಕಡತವನ್ನು ತೆರೆದು ತಿದ್ದಿದ ಅಕ್ಷರಕ್ಕೂ ಬಹಳ ಅಂತರವಿದೆ. ಎರಡನೆಯದಾದರೆ ಮೊದಲು ಅದರ ಪರವಾನಗಿ ಓದಿ. ಕಡತದ ಟಿಪ್ಪಣಿಯಲ್ಲಿ ಯಾವ ನಕ್ಷೆ, ಯಾವ ವರ್ಷ, ಯಾವ ಎತ್ತರದ ಅಕ್ಷರದಿಂದ ಎಳೆದದ್ದು ಮತ್ತು ಯಾವ ಅಕ್ಷರಗಳು ನಿಮ್ಮ ಊಹೆ ಎಂಬುದನ್ನೂ ಬರೆದಿಡಿ.